ಔಷಧ ಹೊಡೆಯದ ಬಳ್ಳಿ

ಐನಾಪುರ
೨೧-೨-೧೯೯೩

ಕರೋಶಿಯ ದುಂಡವ್ವಕ್ಕನಿಗೆ ಬೀಗತಿ ಗೌರಾಬಾಯಿಯ ಶರಣು.

ನಿಮ್ಮ ಕಾರ್ಡು ಸಂಕ್ರಾಂತಿಗೇ ಬಂದಿತ್ತು. ಉತ್ತರ ತಡವಾಯಿತು, ಸಿಟ್ಟಾಗಬೇಡಿ. ದ್ರಾಕ್ಷಿ ಕೊಯ್ಲಿನ ಗದ್ದಲದಲ್ಲಿ ತಲೆ ತುರಿಸಿಕೊಳ್ಳಲೂ ಪುರಸೊತ್ತಿಲ್ಲ. ಎಲ್ಲರೂ ಆರಾಮ. ನಿಮ್ಮ ಮಗಳು ಕಸ್ತೂರೆವ್ವನಂತೂ ಈಗ ನಮ್ಮ ಮನೆಯ ಯಜಮಾನಿ! ಸೊಸೆಯನ್ನು ಇಷ್ಟು ಹೊಗಳುವ ಅತ್ತೆ ನಾನೊಬ್ಬಳೇ ಇರಬೇಕು, ನಗಬೇಡಿ.

ನಮ್ಮವರು ಸಾಕಿದ ಗಿಳಿಯನ್ನು ನೀವು ನೋಡಿದ್ದೀರಲ್ಲ. ಅದಕ್ಕೆ ತಮ್ಮ ಬಶಿಯಲ್ಲೇ ಚಹಾ ಕುಡಿಸುತ್ತಿದ್ದರು. ಚಿವಡಾ, ಭಜಿ, ಬಿಸ್ಕೀಟು, ತಾವು ತಿಂದದ್ದೆಲ್ಲ ಅದಕ್ಕೂ. ಕಸ್ತೂರೆವ್ವ ಒಂದೊಂದಾಗಿ ಎಲ್ಲ ಬಂದ್ ಮಾಡಿದಳು. ಈಗ ಅದಕ್ಕೆ ಮೊಳಕೆ ಬಂದ ಹೆಸರುಕಾಳು, ಮೆಂತ್ಯದ ಸೊಪ್ಪು, ಪೇರಲ ಹಣ್ಣು, ಸಜ್ಜೆಯ ತೆನೆ. ನೀರಿನ ಬಟ್ಟಲನ್ನು ದಿನಾ ತಿಕ್ಕಿ ತೊಳೆಯುತ್ತಾಳೆ. "ಇದು ಗಿಳಿ ಅಲ್ಲ, ಬಾಣಂತಿ ಆಗೇತಿ" ಎಂದು ನಮ್ಮವರು ಗೊಣಗುತ್ತಾರೆ. ಆದರೂ ಕದ್ದು ಭಜಿ ಕೊಡುವ ಧೈರ್ಯ ಮಾತ್ರ ಇಲ್ಲ.

ಹೋದ ವರ್ಷ ಅವರು ತೋಟದಿಂದ ಒಂದು ಗೊಂಚಲು ತಂದು ಗಿಳಿಯ ಮುಂದೆ ಹಿಡಿದರು. ಇವಳು ಓಡಿ ಬಂದು ಕಸಿದುಕೊಂಡಳು. "ಮಾವಾರ, ನಿನ್ನೆನ ಬಳ್ಳಿಗೆ ಔಷಧದ ಎಣ್ಣಿ ಹೊಡದೀರಿ!"

"ತೊಳದೇನ್ ಬೇ ಯವ್ವಾ."

"ತೊಳದ್ರ ಇಷ ಹೋಗತೈತೇನ್ರಿ?"

ಗಿಳಿ ಒಂದೇ ಕಾಳು ಕುಕ್ಕಿತ್ತು. ಮರುದಿನ ಅದು ಎಂದಿನಂತೆ ಸಿಳ್ಳು ಹಾಕುವವರೆಗೆ ಇವಳು ತುತ್ತು ಮುಟ್ಟಲಿಲ್ಲ. ಆಮೇಲೆ ಮಾವನ ಎದುರು ನಿಂತು, "ಬಾವಿ ಕಡಿ ಬಳ್ಳಿಗೆ ಎಣ್ಣಿ ಹೊಡೀಬ್ಯಾಡ್ರಿ. ಗಿಳಿಗೂ ಅದರ ಹಣ್ಣ, ಮನಿ ಹುಡುಗೂರಿಗೂ ಅದರ ಹಣ್ಣ" ಎಂದಳು. ದನಿ ಏರಿಸಲಿಲ್ಲ, ಹಿಂದೆಯೂ ಸರಿಯಲಿಲ್ಲ. ನಮ್ಮವರ ಎದುರು ಹಾಗೆ ನಿಲ್ಲುವುದು ಇಷ್ಟು ವರ್ಷವಾದರೂ ನನಗೆ ಬಂದಿಲ್ಲ! ಈ ಸಲ ಆ ಬಳ್ಳಿಗೆ ಬೂದಿ ರೋಗ ಬಂದು ಅರ್ಧ ಹಣ್ಣು ಹೋಯಿತು. ಉಳಿದದ್ದು ಸಣ್ಣ ಕಾಯಿ, ಆದರೆ ಸಕ್ಕರೆಯಷ್ಟು ಸಿಹಿ. ಕೇಳಿದವರಿಗೆಲ್ಲ ನಮ್ಮವರು, "ನಮ್ಮ ಸೊಸಿ ಹೇಳಿದ್ಲಂದ್ರ ಮುಗೀತು" ಎನ್ನುತ್ತ ಮೀಸೆ ತಿರುವುತ್ತಾರೆ.

ಇಂಥ ಮಗಳನ್ನು ನಮಗೆ ಕೊಟ್ಟಿರಿ. ನಿಮ್ಮ ಹೊಟ್ಟೆ ತಣ್ಣಗಿರಲಿ. ಬೀಗರಿಗೆ ಶರಣು ತಿಳಿಸಿ.

ನಿಮ್ಮ
ಗೌರಾಬಾಯಿ

ತಾ.ಕ.: ಬರೆಯಲೋ ಬೇಡವೋ ಎಂದು ಕಾಗದ ಮಡಚಿ ಮತ್ತೆ ಬಿಚ್ಚಿದೆ. ಮೊನ್ನೆ ಆ ಬಳ್ಳಿಯ ಮೊದಲ ಗೊಂಚಲು ಕೊಯ್ದು ಕಸ್ತೂರೆವ್ವ ಅಲ್ಲೇ ಅಳುತ್ತ ನಿಂತಳು. ಕೇಳಿದರೆ ತನ್ನ ತಮ್ಮ ಭೀಮಸಿಯ ವಿಷಯ ಹೇಳಿದಳು. ನಿಮ್ಮ ತವರಿನ ತೋಟದಲ್ಲಿ ಔಷಧ ಹೊಡೆದ ದ್ರಾಕ್ಷಿ ತಿಂದು ಆ ಕೂಸು ಹೋಯಿತಂತೆ. ಕಿತ್ತು ಕೊಟ್ಟವಳು ತಾನೇ ಎಂದಳು. ಆಗ ಇವಳೂ ಇನ್ನೂ ಸಣ್ಣವಳು. ನಿಮಗೊಬ್ಬ ಮಗನಿದ್ದ ಎಂಬುದೇ ನನಗೆ ಗೊತ್ತಿರಲಿಲ್ಲ, ಅಕ್ಕಾ. "ಅವ್ವ ನನಗ ಒಂದ್ ದಿನಾನೂ ಬೈಲಿಲ್ರಿ. ಅವನ ಹೆಸರನ್ನೂ ತಗೀಲಿಲ್ಲ" ಎಂದಳು. ನಾನು ಎಷ್ಟು ಸಮಾಧಾನ ಹೇಳಿದರೂ ಅದು ಅತ್ತೆಯ ಮಾತು. ನೀವು ಬನ್ನಿ. ಅವಳ ಎದುರು ಅವನ ಹೆಸರು ಹೇಳಿ, ಒಮ್ಮೆ ಇಬ್ಬರೂ ಕೂಡಿ ಅತ್ತುಬಿಡಿ.