ಹವಳದ ದಿಬ್ಬ ಮುಚ್ಚಿದ ಮೇಲಿನ ಎಂಟು ದಿನ

ಅಪ್ಪಾ,

ವಿಜ್ಞಾನ ಪತ್ರಿಕೆಯವರು ನನ್ನ ಲೇಖನವನ್ನು ಒಪ್ಪಿಕೊಂಡರು! ಸುವಾ ನಗರದ ಪ್ರಯೋಗಾಲಯದಲ್ಲೇ ಕುಣಿದುಬಿಟ್ಟೆ, ಒಂದು ಬೀಕರ್ ಕೂಡ ಒಡೆದೆ.

ನಿನ್ನನ್ನು ಮಣ್ಣು ಮಾಡಿದ ದಿನ ಊರಿನವರು ಪದ್ಧತಿಯಂತೆ ನಿನ್ನ ಹೆಸರಿನಲ್ಲಿ ಹವಳದ ದಿಬ್ಬವನ್ನು ಮುಚ್ಚಿದರಲ್ಲ, ನೂರು ದಿನ ಅಲ್ಲಿ ಯಾರೂ ಬಲೆ ಹಾಕಲಿಲ್ಲ. ಮೀನುಗಳು ಹಿಂಡುಹಿಂಡಾಗಿ ಬಂದು ಕಡಲಪಾಚಿಯನ್ನು ಮೇಯ್ದವು. ಹವಳವನ್ನು ಸುಡುವ ಆ ಪಾಚಿಯ ವಿಷ ನೀರಿನಲ್ಲಿ ಕಾಲುಭಾಗಕ್ಕೆ ಇಳಿದಿದೆ, ಅಪ್ಪಾ! ಮೂರು ಸಲ ಅಳೆದರೂ ಯಂತ್ರ ಅದನ್ನೇ ಹೇಳಿತು.

ಫೋನಿನಲ್ಲಿ ತಿಳಿಸಿದರೆ ಲೋಸಾನಾ ಅತ್ತೆ ಬಿದ್ದು ಬಿದ್ದು ನಕ್ಕಳು. "ಇದನ್ನೇ ಅಲ್ವೇನೇ ನಿಮ್ಮಪ್ಪ ದೋಣೀಲಿ ಕೂತು ದಿನಾ ಬಡ್ಕೋತಿದ್ದಿದ್ದು? ನಿಂಗೆ ಯಂತ್ರ ಹೇಳಿದ್ರೇನೇ ಕಿವಿಗೆ ಬೀಳೋದು!"

ಇನ್ನೊಂದೇ ಪ್ರಶ್ನೆ ಬಾಕಿಯಿದೆ. ನಿನ್ನನ್ನು ಮಣ್ಣು ಮಾಡಿ ದಿಬ್ಬ ಮುಚ್ಚಿದ್ದು ಮಾರ್ಚ್ ಒಂಬತ್ತಕ್ಕೆ. ನಾನು ಊರಿಗೆ ಬಂದು ಮೊದಲ ಬಾಟಲಿ ನೀರು ತುಂಬಿಸಿದ್ದು ಹದಿನೇಳಕ್ಕೆ. ನಡುವಿನ ಎಂಟು ದಿನದ ನೀರು ಏಕಿಲ್ಲ ಎಂದು ಪತ್ರಿಕೆಯವರು ಕೇಳಿದ್ದಾರೆ. ಒಂದೇ ಸಾಲಿನಲ್ಲಿ ಕಾರಣ ಬರೆದರೆ ಸಾಕಂತೆ.

'ಊರಿಗೆ ದೋಣಿ ಸಿಗಲಿಲ್ಲ' ಎಂದು ಬರೆದು, ಅಳಿಸಿದೆ.

ದೋಣಿ ದಿನಕ್ಕೆರಡು ಇತ್ತು, ಅಪ್ಪಾ.