ಸುನಂದಾಳ ಟ್ರಸ್ಟಿನ ಮೊದಲ ಕಲಮು

ಶೇಡಬಾಳ, ೨೨ ಜನವರಿ ೧೯೯೧, ಮಂಗಳವಾರ

ಇಲಿಗಳ ಮಾತು ತಲೆಯಿಂದ ಹೋಗುತ್ತಿಲ್ಲ.

ಕಿಡ್ನಿ ರೋಗದ ಸಂಶೋಧನೆಗೆಂದು ಮಗಳು ಸುನಂದಾಳ ಹೆಸರಿನಲ್ಲಿ ಟ್ರಸ್ಟ್ ಮಾಡಿದೆವು. ಅವಳನ್ನು ಒಯ್ದದ್ದು ಅದೇ ರೋಗ. ಮೊದಲ ಫೆಲೋಶಿಪ್ ರಾಯಬಾಗದ ಡಾಕ್ಟರ್ ನಸೀಮಾಗೆ ಎಂದು ಗೊತ್ತುಮಾಡಿದ್ದೂ ಆಗಿತ್ತು. ಇಂದು ಆ ಹುಡುಗಿ ತಾನೇ ಬಂದು, ಚಹಾ ಮುಟ್ಟದೆ ಕೂತು ಹೇಳಿದಳು: “ಕಾಕಾ, ಔಷಧ ಮೊದ್ಲ ಇಲಿಗೆ ಕೊಟ್ಟು ನೋಡಬೇಕಾಗ್ತೈತ್ರಿ. ಆಮ್ಯಾಲ ಅವನ್ನ ಕೊಲ್ಲಬೇಕಾಗ್ತೈತಿ. ಇದನ್ನ ಮುಚ್ಚಿಟ್ಟು ನಿಮ್ಮ ರೊಕ್ಕ ತಗೊಳ್ಳಾಕ ನನಗ ಆಗೂದಿಲ್ರಿ.”

‘ಯಾವ ಜೀವಕ್ಕೂ ಹಿಂಸೆಯಾಗಕೂಡದು’ ಎಂಬುದೇ ಟ್ರಸ್ಟಿನ ಮೊದಲ ಕಲಮು. ವಕೀಲರು ಬೇಡವೆಂದರೂ ಹಟ ಹಿಡಿದು ಬರೆಸಿದವನು ನಾನೇ. ಜೈನರ ದಾನಕ್ಕೆ ಅದು ಶೋಭೆ ಎಂದುಕೊಂಡಿದ್ದೆ, ಮೂರ್ಖ. ಈಗ ಅದನ್ನು ತೆಗೆಯಬೇಕೆಂದರೆ ಇನ್ನೊಬ್ಬ ಟ್ರಸ್ಟಿಯಾದ ಹೆಂಡತಿ ಚಂಪಾಳ ಸಹಿಯೂ ಬೇಕು.

“ಇಲಿಗೂ ಅವ್ವ ಇರತಾಳಲ್ರಿ,” ಎಂದಷ್ಟೇ ಹೇಳಿ, ಅಲ್ಲೇ ನಿಂತು ಎಲ್ಲ ಕೇಳಿದ್ದ ಚಂಪಾ ಒಳಗೆ ಹೋದಳು. ಬೋನಿಗೆ ಬಿದ್ದ ಇಲಿಗೂ ನಾಲ್ಕು ಜೋಳದ ಕಾಳು ಹಾಕಿ ಹೊಲಕ್ಕೆ ಬಿಟ್ಟು ಬರುವವಳು.

ನಸೀಮಾಳನ್ನು ಕಳಿಸುವಾಗ ಬಾಗಿಲಲ್ಲಿ ಕೇಳಿದೆ, ಸುನಂದಾ ನುಂಗಿದ ಗುಳಿಗೆಗಳೂ ಹೀಗೆಯೇ ತಯಾರಾದವೇ ಎಂದು. ಅವಳು ತಲೆ ತಗ್ಗಿಸಿ, “ಹೌದ್ರಿ,” ಎಂದಳು.

ಇದೊಂದು ಮಾತು ತಿಳಿಸಿದರೆ ಚಂಪಾ ಸಹಿ ಹಾಕಿಯಾಳು. ಆದರೆ ಆ ಗುಳಿಗೆಗಳನ್ನು ದಿನಾ ಹಾಲಿನಲ್ಲಿ ಅರೆದು, ಣಮೋಕಾರ ಮಂತ್ರ ಹೇಳುತ್ತ ಮಗಳಿಗೆ ಕುಡಿಸಿದವಳು ಅವಳೇ.