ಕಾಳು ಆರಿಸಿದ ಡಬ್ಬಿ

ಸ್ಯಾನ್ ಆಂಟೋನಿಯೊ
೧೪ ಅಕ್ಟೋಬರ್ ೧೯೮೭

ತಂಗಿ ಎಲ್ವಿರಾ,

ನಾಲ್ಕನೇ ತರಗತಿಗೇ ಶಾಲೆ ಬಿಟ್ಟು ಪೆಕಾನ್ ಕಾಯಿ ಒಡೆಯಲು ಹೋದವನ ಕೈಗೆ ಪೆನ್ನು ಕೊಡಿಸಿದ್ದೀಯ. ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀಯ, ಇನ್ನೇನು ಮಾಡಲಿ? ನಿನ್ನ ಎರಡು ಕಾಗದಕ್ಕೂ ಉತ್ತರ ತಡವಾಯಿತು. ಸಿಟ್ಟು ಇಳಿಯಲು ಅಷ್ಟು ದಿನ ಬೇಕಾಯಿತು. ಪೂರ್ತಿ ಇಳಿದಿಲ್ಲ.

ನನ್ನ ಮಂಡಿನೋವು ಹಾಗೇ ಇದೆ. ಅಮ್ಮನ ನಿಂಬೆಗಿಡ ಕಾಯಿ ಬಿಟ್ಟಿದೆ. ಸುದ್ದಿ ಇಷ್ಟೇ.

ಅಮ್ಮನನ್ನು ಮಣ್ಣು ಮಾಡಿ ಬಂದ ದಿನ ನಿನ್ನ ಮಗಳು ಒಲೆಯ ಹಿಂದೆ ದನದ ಮಾಂಸದ ಚಿಲ್ಲಿ ಸಾರಿನ ಖಾಲಿ ಡಬ್ಬಿಗಳನ್ನು ಕಂಡಳು. ನೆಂಟರೆಲ್ಲರ ಮುಂದೆ ನೀನು, "ಥೂ, ಹೆತ್ತವಳಿಗೆ ಅಂಗಡಿ ಡಬ್ಬಿ ತಿನ್ನಿಸಿ ಸಾಯಿಸಿದ್ಯಲ್ಲೋ" ಅಂದೆ. ಈಗ ಬರೆಯುತ್ತೀಯ: ನವೆಂಬರ್ ಎರಡು, ಸತ್ತವರು ಮನೆಗೆ ಬರುವ ದಿನ, ಅಮ್ಮನ ಪಟದ ಮುಂದೆ ಅವಳಿಗೆ ಪ್ರಿಯವಾದ ಚಿಲ್ಲಿಯನ್ನೇ ಇಡು, ನಿನ್ನ ಕೈಯಾರೆ ಮಾಡಿಡು, ಪಾಪ ಕಳೆಯಲಿ ಎಂದು.

ಮಾಡಲು ಬಾರದವನೇ ನಾನು? ಅಮ್ಮ ಹಾಸಿಗೆ ಹಿಡಿದ ಮೇಲೆ ನಾಲ್ಕು ವರ್ಷ ಮಾಡಿದೆ. ಒಣಮೆಣಸಿನಕಾಯಿ ಹುರಿದು, ಬೀಜ ಉದುರಿಸಿ, ನೆನೆಸಿ, ಅಮ್ಮನ ಕಲ್ಲಿನ ಮೇಲೆಯೇ ಅರೆದೆ. ಭುಜದ ಮಾಂಸವನ್ನು ಚಾಕುವಿನಲ್ಲೇ ಸಣ್ಣಗೆ ಹೆಚ್ಚಿ, ಜೀರಿಗೆ ಬೆಳ್ಳುಳ್ಳಿ ಹಾಕಿ ಮೂರು ಗಂಟೆ ಬೇಯಿಸಿದೆ. ಅವಳು ಮಂಚದ ಮೇಲೆ ಒಂದು ತುತ್ತು ತಿಂದು, "ಏನೋ ಇದು, ಹಸುಗೂ ಮೋಸ, ಮೆಣಸಿನಕಾಯ್ಗೂ ಮೋಸ" ಅನ್ನುವಳು. ನಿನ್ನ ಕೈರುಚಿ ನೆನೆಯುವಳು. ನೀನು ಹ್ಯೂಸ್ಟನ್‌ನಿಂದ ಬರುತ್ತಿದ್ದದ್ದು ಈಸ್ಟರ್‌ಗೊಮ್ಮೆ, ಕ್ರಿಸ್ಮಸ್‌ಗೊಮ್ಮೆ.

ಜನವರಿಯಲ್ಲಿ ಮಂಡಿ ಊದಿ ನಿಲ್ಲಲಾಗದ ಒಂದು ದಿನ ಡಬ್ಬಿ ತೆರೆದೆ. ನೋಡಿದರೆ ಅದರಲ್ಲಿ ಕಾಳು. ಚಿಲ್ಲಿಗೆ ಕಾಳು ಹಾಕುವವರ ಮನೆಯಲ್ಲಿ ನೀರೂ ಮುಟ್ಟದವಳು ನಮ್ಮಮ್ಮ. ಒಂದೊಂದೇ ಕಾಳನ್ನು ಚಮಚದಲ್ಲಿ ಆರಿಸಿ ತೆಗೆದು, ಬಿಸಿ ಮಾಡಿ ಕೊಟ್ಟೆ. ತಟ್ಟೆ ಖಾಲಿಯಾಯಿತು. ಆಗಸ್ಟಿನಲ್ಲಿ ಅವಳು ಕಣ್ಣು ಮುಚ್ಚುವತನಕ ಕಾಳು ಆರಿಸಿದೆ. ಇದನ್ನು ಸೋಮಾರಿತನ ಅನ್ನುವುದಾದರೆ ಅನ್ನು.

ಮಕ್ಕಳಿಗೆ ಆಶೀರ್ವಾದ. ನನ್ನ ಸಿಟ್ಟು ನನಗಿರಲಿ, ದೇವರು ನಿನಗೂ ಒಳ್ಳೆಯದು ಮಾಡಲಿ.

ನಿನ್ನ ಅಣ್ಣ
ಹಸಿಂತೊ

ಇನ್ನೊಂದು. ಆ ಮೊದಲ ದಿನ ತಟ್ಟೆಯನ್ನು ರೊಟ್ಟಿಯಲ್ಲಿ ಒರೆಸಿ ತಿಂದು ಅಮ್ಮ ಕೇಳಿದಳು, "ಎಲ್ವಿರಾ ಬಂದಿದ್ಲೇನೋ? ಇದು ಅವಳ ಕೈದು."

"ಹ್ಞೂಂ ಕಣಮ್ಮ. ನೀನು ಮಲಗಿದ್ದೆ, ಎಬ್ಬಿಸ್ಬೇಡ ಅಂತ ಹೋದ್ಲು" ಎಂದೆ.

ಆಮೇಲೆ ಒಂದೊಂದು ಡಬ್ಬಿಗೂ ನೀನು ಬಂದು ಹೋದೆ. "ನನ್ ಮಗಳು ವಾರವಾರ ಬರ್ತಾಳೆ, ಸ್ವಾಮಿ" ಎಂದು ಪಾದ್ರಿಗೆ ಹೇಳಿಕೊಂಡೇ ಸತ್ತಳು. ನನ್ನ ಕೈಯದು ಅವಳಿಗೆ ಬೇಕಿರಲಿಲ್ಲ, ನಾನು ಮಾಡಿಡುವುದಿಲ್ಲ. ಪಟದ ಮುಂದೆ ಡಬ್ಬಿಯದನ್ನು ಇಡಲೋ, ನೀನೇ ಬಂದು ಮಾಡುತ್ತೀಯೋ? ಅಕ್ಟೋಬರ್ ಇಪ್ಪತ್ತೆಂಟರೊಳಗೆ ಉತ್ತರ ಬರಬೇಕು.